ಗುಂಡಿಗೂ ಒಂದು ಕಲಾಯಿ!

ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿದ ಸಾರು ಕುದಿಸುವ ಮುನ್ನ ಒಳಗೆ ಕಲಾಯಿ ಇದೆಯೇ ಎಂದು ನೋಡಬೇಕೆಂಬುದು ಕಾಗಿನೆಲೆ, ಬ್ಯಾಡಗಿ ಕಡೆಯ ಅಜ್ಜಿಯರಿಗೆ ಚೆನ್ನಾಗಿ ಗೊತ್ತು. ಹುಳಿಗೂ ಹಿತ್ತಾಳೆಯಲ್ಲಿರುವ ತಾಮ್ರಕ್ಕೂ ನಡುವೆ ತವರದ ತೆಳು ಪದರವಿದ್ದರೆ ಅಡುಗೆಗೆ ಕಿಲುಬು ಸೇರುವುದಿಲ್ಲ. ಪಿಸ್ತೂಲಿನ ಗುಂಡಿಗೂ ಇಂಥದೇ ಒಂದು ಕಲಾಯಿ ಬಂದಿದೆ ಎಂದರೆ ನಂಬುತ್ತೀರಾ? ಅದು ತವರದ್ದಲ್ಲ, ಪಾಲಿಮರಿನದು.

ಗುಂಡನ್ನು ಸೀಸದಿಂದಲೇ ಮಾಡುವುದೇಕೆ? ಸೀಸ ನೀರಿಗಿಂತ 11 ಪಟ್ಟಿಗೂ ಹೆಚ್ಚು ಸಾಂದ್ರವಾದ ಲೋಹ. 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಅಚ್ಚಿಗೆ ಎರೆಯುವುದು ಸುಲಭ. ಮೆದುವಾದ್ದರಿಂದ ನಳಿಗೆಯ ಒಳಗಿನ ಸುರುಳಿ ಗೀರುಗಳಿಗೆ ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತಾ ಹೊರಬೀಳುತ್ತದೆ. ಹಾಗೆ ತಿರುಗುವುದರಿಂದಲೇ ಗುರಿ ತಪ್ಪುವುದಿಲ್ಲ.

ಆದರೆ ಆ ಮೆದುತನವೇ ತೊಂದರೆಗೂ ಕಾರಣ. ಉಜ್ಜಾಟಕ್ಕೆ, ಬಿಸಿ ಅನಿಲಕ್ಕೆ ಸಿಕ್ಕಿದ ಸೀಸ ನಳಿಗೆಯ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಉಳಿದದ್ದು ಹೊಗೆಯಾಗಿ, ದೂಳಾಗಿ ಹಾರುತ್ತದೆ. ಹಿಂದೆ ಇದಕ್ಕೆ ಕೊಬ್ಬು ಇಲ್ಲವೇ ಮೇಣ ಸವರುತ್ತಿದ್ದರು. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ತೋಟಾಗಳ ಕೊಬ್ಬಿನ ಕೆಲಸವೂ ಗುಂಡು ಸರಾಗವಾಗಿ ಜಾರುವಂತೆ ಮಾಡುವುದೇ ಆಗಿತ್ತು! 1882ರಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಸೀಸದ ಗುಂಡಿಗೆ ತಾಮ್ರದ ಕವಚ ತೊಡಿಸಿದ.

ಪಾಲಿಮರ್ ಲೇಪ ಇತ್ತೀಚಿನದು. ಗುಂಡಿಗೆ ಬಣ್ಣದಂಥ ಪುಡಿಯನ್ನು ಅಂಟಿಸಿ, ಸುಮಾರು 200 ಡಿಗ್ರಿ ಶಾಖದಲ್ಲಿ ಕಾಯಿಸುತ್ತಾರೆ. ಸೀಸ ಕರಗುವುದಿಲ್ಲ, ಪುಡಿ ಮಾತ್ರ ಕರಗಿ ಗಟ್ಟಿ ಪೊರೆಯಾಗುತ್ತದೆ. ತಾಮ್ರದ ಕವಚಕ್ಕಿಂತ ಇದು ಅಗ್ಗ. ನಳಿಗೆಗೆ ಸೀಸ ಮೆತ್ತುವುದಿಲ್ಲ, ಮೇಣದ ಹೊಗೆಯೂ ಇಲ್ಲ. ಅಮೆರಿಕದಲ್ಲಿ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು, ಗುಂಡು ತುಂಬಿಕೊಳ್ಳುವ ಹವ್ಯಾಸಿಗಳಿಗೆ ಇಂಥ ಗುಂಡುಗಳೆಂದರೆ ಅಚ್ಚುಮೆಚ್ಚು. ನಮ್ಮಲ್ಲಿ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ.

ಹಾಗಾದರೆ ಲೇಪವಿದ್ದರೆ ಸೀಸದ ಭಯವೇ ಇಲ್ಲವೇ? ಇದೆ. ಮದ್ದಿಗೆ ಕಿಡಿ ಹಚ್ಚುವ, ತೋಟಾದ ಬುಡದಲ್ಲಿರುವ ಸಿಡಿಮದ್ದಿನಲ್ಲೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಅದರ ಹೊಗೆಯನ್ನು ಗುಂಡಿನ ಲೇಪ ತಡೆಯಲಾರದು.

ಇದು ದೂರದ ಮಾತಲ್ಲ. ಎನ್.ಸಿ.ಸಿ. ವಿದ್ಯಾರ್ಥಿಗಳು ಗುರಿಯಭ್ಯಾಸ ಮಾಡುವ .22 ರೈಫಲ್ಲಿನ ಗುಂಡು ಸಾಮಾನ್ಯವಾಗಿ ಸೀಸದ್ದು. ಏರ್ ಪಿಸ್ತೂಲಿನ 4.5 ಮಿಲಿಮೀಟರ್ ಪೆಲೆಟ್ಟೂ ಹೆಚ್ಚಾಗಿ ಸೀಸದ್ದೇ. ದೇಹ ಸೇರಿದ ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎಳೆಯ ಮಕ್ಕಳ ಮಿದುಳಿಗಂತೂ ಅದು ದೊಡ್ಡ ವೈರಿ. ಅವರ ಕಲಿಕೆಯ ಶಕ್ತಿಯನ್ನೇ ಕುಂದಿಸುತ್ತದೆ. ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನುವ ಮಟ್ಟವೇ ಇಲ್ಲವೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಆದ್ದರಿಂದ ವಿದ್ಯಾರ್ಥಿಗಳೇ, ಗುರಿಯಭ್ಯಾಸದ ಜಾಗದಲ್ಲಿ ಏನನ್ನೂ ತಿನ್ನಬೇಡಿ. ಪೆಲೆಟ್ಟನ್ನು ತುಟಿಗಳ ನಡುವೆ ಹಿಡಿಯಬೇಡಿ. ಮುಗಿದ ಕೂಡಲೇ ಕೈ, ಮುಖವನ್ನು ಸಾಬೂನು ಹಚ್ಚಿ ತೊಳೆಯಿರಿ. ಹಾರಿಸಿದ ಗುಂಡನ್ನು ನೆನಪಿಗೆಂದು ಮನೆಗೆ ತರಬೇಡಿ. ತಾಯಂದಿರೇ, ಆ ದಿನದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ, ತೊಟ್ಟಿಲ ಕೂಸಿರುವ ಮನೆಯಲ್ಲಂತೂ ತಪ್ಪದೆ. ಅಂದಹಾಗೆ, ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಕೇಳಿ. ಅಗ್ಗವಾಗಲೆಂದು ಅದಕ್ಕೂ ಸೀಸ ಬೆರೆಸುವುದುಂಟು.