‘ಒಲ್ಲೆ’ ಎಂದ ಊರಿನ ಹಾದಿ

ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಬೀದಿಯಿಂದ ಮನೆಯಂಗಳಕ್ಕೆ ಹೋಗುವ, ಎರಡು ಕಲ್ಲುಗೋಡೆಗಳ ನಡುವಿನ ಇಕ್ಕಟ್ಟಾದ ಓಣಿಗೆ ‘ಒಲ್ಲೆ’ ಎನ್ನುತ್ತಾರೆ. ಓಣಿಯ ತುದಿಯಲ್ಲಿ ಎರಡು ಕಲ್ಲುಕಂಬಗಳು. ಅವುಗಳ ತೂತಿಗೆ ಸಿಕ್ಕಿಸಿದ ಮೂರು ಅಡ್ಡಮರಗಳು. ದಣಪೆ ದಾಟಿ ಬೆಳೆದ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಡ್ಡಮರಗಳೆಲ್ಲ ಇಳಿದಿದ್ದರೆ ಮನೆಯಲ್ಲಿ ಜನರಿದ್ದಾರೆ. ಒಂದು ಮಾತ್ರ ಏರಿದ್ದರೆ ಹತ್ತಿರದಲ್ಲೆಲ್ಲೋ ಹೋಗಿದ್ದಾರೆ. ಮೂರೂ ಏರಿದ್ದರೆ ದೂರ ಹೋಗಿದ್ದಾರೆ. ಒಳಗೆ ಯಾರು, ಯಾವಾಗ ಬರಬಹುದೆಂಬುದನ್ನು ನಿರ್ಧರಿಸುವವರು ಮನೆಯವರೇ. ಈ ಸರಳ ನ್ಯಾಯವನ್ನು ಇಡೀ ಒಂದು ಊರಿಗೆ ನಿರಾಕರಿಸಿದರೆ ಏನಾಗುತ್ತದೆಂಬುದಕ್ಕೆ ಅದೇ ದ್ವೀಪದ ಗಾಂಗ್‌ಜಂಗ್ ಗ್ರಾಮ ಸಾಕ್ಷಿಯಾಗಿ ನಿಂತಿದೆ.

ಸ್ಪೇನಿನ ಸಾಂಟಿಯಾಗೊ ಯಾತ್ರಾಮಾರ್ಗವನ್ನು ನಡೆದು ಮರಳಿದ ಪತ್ರಕರ್ತೆ ಸುಹ್ ಮ್ಯುಂಗ್‌ಸುಕ್ 2007ರಲ್ಲಿ ತಮ್ಮ ಹುಟ್ಟೂರಿನ ದ್ವೀಪದಲ್ಲಿ ಕಾಲುಹಾದಿಗಳ ಸರಣಿಯೊಂದನ್ನು ಆರಂಭಿಸಿದರು. ಅದಕ್ಕೆ ‘ಒಲ್ಲೆ’ ಎಂಬ ಹೆಸರನ್ನೇ ಇಟ್ಟರು. ಇಂದು ಅದು ದ್ವೀಪವನ್ನು ಸುತ್ತುವರಿದ 27 ಹಾದಿಗಳ, ಒಟ್ಟು 437 ಕಿ.ಮೀ.ಗಳ ಜಾಲವಾಗಿದೆ. ಅವುಗಳಲ್ಲಿ ಏಳನೆಯ ಹಾದಿ ದಕ್ಷಿಣದ ಸೊಗ್ವಿಪೊ ಪಟ್ಟಣದಿಂದ ಪಶ್ಚಿಮಕ್ಕೆ ಸಾಗುತ್ತದೆ. ಒಂದು ಹಗಲಿನ ನಡಿಗೆ. ಆರಂಭದಲ್ಲಿ ಕಡಲಿನಿಂದ ಎದ್ದುನಿಂತ ಒಂಟಿ ಶಿಲಾಸ್ತಂಭ. ಮುಂದೆ, 2007ರಲ್ಲಿ ಮೇಕೆಗಳ ಜಾಡನ್ನು ಹಿಡಿದು ಗುದ್ದಲಿ-ಸಲಿಕೆಗಳಿಂದಲೇ ಕಡಿದ ಇಳಿಜಾರು; ಕಡಿದವರ ಹೆಸರಿನಲ್ಲೇ ಅದು ‘ಸುಬೊಂಗ್ ಹಾದಿ’. ಯಂತ್ರ ತಾರದೆ ಮನುಷ್ಯನ ಕೈ ಮಾಡಿದ ಹಾದಿ ನೆಲವನ್ನು ಎಷ್ಟು ಕಡಿಮೆ ನೋಯಿಸಬಲ್ಲದೆಂಬುದಕ್ಕೆ ಇದೊಂದು ಪಾಠ. ಆಮೇಲೆ, ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು-ಪಾಚಿಗಳನ್ನು ತರುವ ಮುಳುಗುಗಾರ್ತಿಯರ ಊರು ಬೊಪ್ವಾನ್. ಅದರಾಚೆ ಗಾಂಗ್‌ಜಂಗ್.

ಗಾಂಗ್‌ಜಂಗಿನ ಮಹತ್ವವನ್ನು ಅರಿಯಲು ಜೇಜುವಿನ ನೀರಿನ ಲೆಕ್ಕವನ್ನು ಅರಿಯಬೇಕು. ದ್ವೀಪದ ನಡುವೆ 1,947 ಮೀಟರ್ ಎತ್ತರದ ಹಲ್ಲಾಸಾನ್ ಪರ್ವತವಿದೆ. ದಕ್ಷಿಣ ತಪ್ಪಲಿನಲ್ಲಿ ವರ್ಷಕ್ಕೆ 1,900 ಮಿ.ಮೀ.ಗೂ ಹೆಚ್ಚು ಮಳೆ. ಆದರೂ ಹೆಚ್ಚಿನ ಹಳ್ಳಗಳು ಒಣಗಿರುತ್ತವೆ. ಲಾವಾ ಆರಿ ಉಂಟಾದ ಬಸಾಲ್ಟ್ ಶಿಲೆಯ ಬಿರುಕುಗಳಲ್ಲಿ ಮಳೆನೀರು ಇಂಗಿ, ನೆಲದಡಿಯಲ್ಲಿ ಸಾಗಿ, ಕಡಲತಡಿಯಲ್ಲಿ ಒರತೆಯಾಗಿ ಚಿಮ್ಮುತ್ತದೆ. ಆದ್ದರಿಂದಲೇ ಊರುಗಳು ತೀರದಲ್ಲಿ ಬೆಳೆದವು. ಗದ್ದೆ ಮಾಡುವುದು ದುಸ್ತರವಾಯಿತು. ಗಾಂಗ್‌ಜಂಗ್ ಇದಕ್ಕೆ ಅಪವಾದ. ಅಲ್ಲಿನ ಹೊಳೆ ವರ್ಷವಿಡೀ ಹರಿಯುತ್ತದೆ, ಸೊಗ್ವಿಪೊ ಪಟ್ಟಣಕ್ಕೆ ಕುಡಿಯುವ ನೀರು ಕೊಡುತ್ತದೆ. ಭತ್ತವೇ ಅಪರೂಪವಾದ ದ್ವೀಪದಲ್ಲಿ ಗಾಂಗ್‌ಜಂಗಿನ ಅಕ್ಕಿ ಹೆಸರುವಾಸಿಯಾಗಿತ್ತು. ಬೆಟ್ಟದ ಮಳೆಗೂ ಕಡಲ ತಡಿಗೂ ನಡುವಿನ ಈ ನಂಟನ್ನು ಘಟ್ಟದ ಮೇಲಿನವರು ಮರೆಯುವಂತಿಲ್ಲ.

ಈ ಊರಿನ ಅಂಚಿನಲ್ಲಿತ್ತು ಗುರೊಂಬಿ. ಸುಮಾರು 1.2 ಕಿ.ಮೀ. ಉದ್ದಕ್ಕೆ ಹಾಸಿಕೊಂಡಿದ್ದ ಒಂದೇ ಲಾವಾ ಬಂಡೆ. ಅದರ ಮೈಮೇಲೆ ಸಿಹಿನೀರಿನ ಒರತೆಗಳಿದ್ದವು, ಒರತೆಗಳಿಂದಾದ ಜೌಗುಗಳಿದ್ದವು, ಜೌಗಿನಲ್ಲಿ ಅಳಿವಿನಂಚಿನ ಕಿರುಬಾಯಿ ಕಪ್ಪೆಗಳಿದ್ದವು. ಮುಂದಿನ ಕಡಲಿನಲ್ಲಿ 2004ರಲ್ಲಿ ರಾಷ್ಟ್ರೀಯ ನೈಸರ್ಗಿಕ ಸ್ಮಾರಕವೆಂದು ಘೋಷಿತವಾದ ಮೃದು ಹವಳದ ಸಮುದಾಯಗಳಿದ್ದವು. ಆರಂಭದ ವರ್ಷಗಳಲ್ಲಿ ಏಳನೆಯ ಹಾದಿ ಈ ಬಂಡೆಯ ತೀರವನ್ನು ಹಿಡಿದೇ ಸಾಗುತ್ತಿತ್ತು. ಇಂದು ಬೇಲಿಯೊಂದನ್ನು ಬಳಸಿಕೊಂಡು ಹೋಗುತ್ತದೆ. ಬೇಲಿಯ ಒಳಗಿರುವುದು ನೌಕಾನೆಲೆ. 2012ರ ಮಾರ್ಚ್ 7ರಂದು ಗುರೊಂಬಿಯನ್ನು ಸಿಡಿಮದ್ದಿನಿಂದ ಒಡೆಯಲಾರಂಭಿಸಿದರು. ಅಳಿದುಳಿದುದರ ಮೇಲೆ ಕಾಂಕ್ರೀಟು ಬಂತು. 2016ರ ಫೆಬ್ರುವರಿಯಲ್ಲಿ ನೆಲೆ ಪೂರ್ಣಗೊಂಡಿತು.

ಇದು ನಡೆದ ಬಗೆಯಾದರೂ ಎಂತಹುದು? ಸುಮಾರು 1,900 ಜನರಿದ್ದ ಊರಿನಲ್ಲಿ 2007ರ ಏಪ್ರಿಲ್‌ನಲ್ಲಿ ಒಂದು ಗ್ರಾಮಸಭೆ ಸೇರಿತು. ಬಂದವರು 87 ಮಂದಿ. ಮತದಾನವಿಲ್ಲ, ಚಪ್ಪಾಳೆಯಿಂದಲೇ ನೌಕಾನೆಲೆಗೆ ಒಪ್ಪಿಗೆ. ಮರುತಿಂಗಳೇ ಪ್ರಾಂತ್ಯದ ಆಡಳಿತ ಸ್ಥಳವನ್ನು ಘೋಷಿಸಿತು. ಎಚ್ಚೆತ್ತ ಊರು ಅದೇ ವರ್ಷದ ಆಗಸ್ಟಿನಲ್ಲಿ ತಾನೇ ಮತದಾನ ನಡೆಸಿತು. ಮತ ಹಾಕಿದವರು 725, ವಿರೋಧಿಸಿದವರು 680, ಒಪ್ಪಿದವರು 36, ಅಸಿಂಧು 9. ಕನ್ನಡದಲ್ಲಿ ‘ಒಲ್ಲೆ’ ಎಂಬ ಮಾತಿಗೆ ಏನರ್ಥವೋ ಅದನ್ನೇ ಗಾಂಗ್‌ಜಂಗ್ 680 ಬಾರಿ ಹೇಳಿತು. ಸರ್ಕಾರಕ್ಕೆ 87 ಜನರ ಚಪ್ಪಾಳೆ ಕೇಳಿಸಿತು. 680 ಜನರ ಮತ ಕೇಳಿಸಲಿಲ್ಲ.

ಮುಂದಿನದು ಪರಿಚಿತ ಕಥೆ: ಬಂಧನಗಳು, ದಂಡಗಳು, ಜೈಲು. ಅದಕ್ಕಿಂತ ಆಳವಾದ ಗಾಯವೆಂದರೆ ಊರು ಎರಡಾದದ್ದು. ಪರವಿದ್ದ ಅಣ್ಣ ಮತ್ತು ವಿರೋಧಿಸಿದ ತಮ್ಮ ಹಿರಿಯರ ತಿಥಿಗೂ ಒಂದೆಡೆ ಕೂಡದಂತಾದದ್ದು. ಕಾಮಗಾರಿ ತಡವಾಯಿತೆಂದು 2016ರಲ್ಲಿ ನೌಕಾಪಡೆ ಗ್ರಾಮಸ್ಥರ ಹಾಗೂ ಹೋರಾಟಗಾರರ ಮೇಲೆ 340 ಕೋಟಿ ವೋನ್ (ಕೊರಿಯಾದ ಹಣ) ಪರಿಹಾರಕ್ಕೆ ದಾವೆ ಹೂಡಿತು. ಸರ್ಕಾರ ಬದಲಾದ ಮೇಲೆ 2017ರ ಡಿಸೆಂಬರಿನಲ್ಲಿ ದಾವೆ ಹಿಂದಕ್ಕೆ ಹೋಯಿತು. 2018ರಲ್ಲಿ ಅಧ್ಯಕ್ಷ ಮೂನ್ ಜೇ-ಇನ್ ಊರಿಗೆ ಬಂದು ವಿಷಾದ ವ್ಯಕ್ತಪಡಿಸಿದರು. 2019ರಲ್ಲಿ ಪೊಲೀಸರದೇ ತನಿಖಾ ಸಮಿತಿ ಬಲಪ್ರಯೋಗ ಮಿತಿಮೀರಿತ್ತೆಂದು ಒಪ್ಪಿತು. ವಿಷಾದದಿಂದ ಬಂಡೆ ಮರಳಿ ಕೂಡುವುದುಂಟೆ?

ದೇಶದ ರಕ್ಷಣೆ ಬೇಡವೇ ಎಂದು ಕೇಳುವವರಿದ್ದಾರೆ. ಅದು ಹಗುರವಾದ ಪ್ರಶ್ನೆಯಲ್ಲ. ಗಾಂಗ್‌ಜಂಗಿನ ರೈತರೂ ಅದನ್ನು ಹಗುರವಾಗಿ ತೆಗೆದುಕೊಂಡವರಲ್ಲ. 1948ರ ಏಪ್ರಿಲ್ ಬಂಡಾಯವನ್ನು ಹತ್ತಿಕ್ಕುವ ಹೆಸರಿನಲ್ಲಿ ಪ್ರಭುತ್ವದ ಕೈಯಿಂದಲೇ ಸಾವಿರಾರು ಜನರನ್ನು ಕಳೆದುಕೊಂಡ ದ್ವೀಪವದು. ಆ ನೆನಪಿಗೆ ಮನ್ನಣೆಯೆಂದೇ 2005ರಲ್ಲಿ ಸರ್ಕಾರ ಜೇಜುವನ್ನು ‘ವಿಶ್ವಶಾಂತಿಯ ದ್ವೀಪ’ವೆಂದು ಘೋಷಿಸಿತ್ತು. ರಕ್ಷಣೆ ಬೇಕೆನ್ನುವ ಪ್ರಭುತ್ವ, ಯಾರನ್ನು ರಕ್ಷಿಸುತ್ತದೆಯೋ ಅವರ ಮಾತನ್ನು ಕೇಳಬೇಕಾದದ್ದು ಕನಿಷ್ಠ ಧರ್ಮ.

ಇನ್ನೊಂದು ಭ್ರಮೆಯನ್ನೂ ಕಳಚಬೇಕು. ಬಿರುದುಗಳು ನೆಲವನ್ನು ಕಾಯುತ್ತವೆಂಬ ಭ್ರಮೆ. ಜೇಜು 2002ರಲ್ಲಿ ಯುನೆಸ್ಕೋ ಜೀವಗೋಲ ಮೀಸಲು ಪ್ರದೇಶವಾಯಿತು. 2007ರಲ್ಲಿ ವಿಶ್ವ ಪರಂಪರೆ ತಾಣವಾಯಿತು. 2010ರಲ್ಲಿ ಜಾಗತಿಕ ಭೂ-ಉದ್ಯಾನವಾಯಿತು. ಪರಂಪರೆಯ ಗೆರೆ ಪರ್ವತವನ್ನೂ ಲಾವಾ ಗುಹೆಗಳನ್ನೂ ಒಳಗೊಂಡಿತು, ಗುರೊಂಬಿ ಗೆರೆಯ ಹೊರಗೆ ಉಳಿಯಿತು. ಆ ತೀರಕ್ಕಿದ್ದ ‘ಸಂಪೂರ್ಣ ಸಂರಕ್ಷಿತ’ ಪಟ್ಟವನ್ನು 2009ರ ಡಿಸೆಂಬರಿನಲ್ಲಿ ಪ್ರಾಂತ್ಯದ ಪರಿಷತ್ತೇ ತೆಗೆದುಹಾಕಿತು. ಕಾಗದದಿಂದ ಬಂದ ರಕ್ಷಣೆ ಕಾಗದದಿಂದಲೇ ಹೋಯಿತು. ನಡಿಗೆಯ ಪ್ರೇಮವೂ ಅದನ್ನು ತಡೆಯಲಾರದೆ ಹೋಯಿತು. ಹಾದಿಗೆ ಬಂದ ಸಾವಿರಾರು ಜನರಲ್ಲಿ ಕೆಲವರು ಊರಿನ ಜೊತೆ ನಿಂತರು. ಬಹಳಷ್ಟು ಮಂದಿ ಚಿತ್ರ ತೆಗೆದುಕೊಂಡು, ಬೇಲಿ ಬಳಸಿಕೊಂಡು ಮುಂದೆ ನಡೆದರು. ಹಾದಿಯನ್ನು ಪ್ರೀತಿಸಿ ಊರನ್ನು ಮರೆಯುವ ಪ್ರವಾಸ ಪರಿಸರ ಪ್ರೇಮವಾಗಲಾರದು.

ಗುರೊಂಬಿ ಸಿಡಿದ 2012ರಲ್ಲೇ ಪಶ್ಚಿಮಘಟ್ಟದ 39 ತಾಣಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅಷ್ಟಕ್ಕೇ ಘಟ್ಟ ಉಳಿಯಿತೆಂದು ಮಲೆನಾಡು ನಿಶ್ಚಿಂತವಾಗಿ ಕೂರಬಾರದು. ಗಾಂಗ್‌ಜಂಗ್ ತನ್ನ ಬಂಡೆಯನ್ನು ಮೊದಲು ಕಳೆದುಕೊಂಡದ್ದು ಸಿಡಿಮದ್ದು ಬಂದ ದಿನವಲ್ಲ, 87 ಜನ ಮಾತ್ರ ಸೇರಿದ ಆ ಸಭೆಯ ದಿನ. ತೋಟದ ಕೆಲಸವಿದೆಯೆಂದು, ಮಳೆಯೆಂದು, ಯಾರೋ ನೋಡಿಕೊಳ್ಳುತ್ತಾರೆಂದು ಗ್ರಾಮಸಭೆಗೆ ಹೋಗದಿರುವ ಪ್ರತಿಯೊಬ್ಬರೂ ಈ ಸಂಖ್ಯೆಯನ್ನು ನೆನಪಿಡಬೇಕು. ಊರಿನ ಕಾಲುಹಾದಿ, ಒರತೆ, ಬೇಣ, ದೇವರಕಾಡುಗಳನ್ನು ವಿದ್ಯಾರ್ಥಿಗಳು ನಡೆದು ನೋಡಿ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಬೇಕು. ಸಭೆಯ ನಡಾವಳಿ ಪುಸ್ತಕವನ್ನು ಓದಿಸಿ, ತಿಳಿದು, ಆಮೇಲೆ ಸಹಿ ಹಾಕಬೇಕು. ಸರ್ವೆ ಕಲ್ಲು ನೆಟ್ಟ ಮೇಲೆ 680 ಮತ ಬಿದ್ದರೂ ತಡವಾಗಿರುತ್ತದೆ. ‘ಒಲ್ಲೆ’ ಎನ್ನುವುದಿದ್ದರೆ ದಣಪೆಯ ಬಳಿಯೇ ಹೇಳಬೇಕು.