ನೀರು ತಿಳಿಯಾದರೆ ಸಾಲದು

ಗಾಂಧಿಪುರಂನಲ್ಲಿ ಬಸ್ಸು ಹತ್ತಿ ತಿರುಪ್ಪೂರಿನತ್ತ ಹೋಗಿಬರುವ ನಮ್ಮ ರೈತ ಬಾಂಧವರಿಗೆ ನೊಯ್ಯಲ್ ಹೊಳೆಯ ಕಥೆಯನ್ನು ಹೊಸದಾಗಿ ಹೇಳಬೇಕಾದುದಿಲ್ಲ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಈ ಹೊಳೆಗೆ ಬೇಸಾಯಕ್ಕೆಂದು ಒರತ್ತುಪಾಳಯಂನಲ್ಲಿ ಕಟ್ಟಿದ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಸುತ್ತಲ ಬಾವಿಗಳು ಉಪ್ಪಾದುವು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವೇ ತಿರುಪ್ಪೂರಿನ ಸಾಯಪಟ್ಟರೆಗಳನ್ನು ಮುಚ್ಚಿಸಬೇಕಾಗಿ ಬಂತು.

ಪಾಚಿಯನ್ನೂ ಬ್ಯಾಕ್ಟೀರಿಯಾಗಳನ್ನೂ ಜೊತೆಗೂಡಿಸಿ ಬಣ್ಣದ ನೀರನ್ನು ಶುದ್ಧಮಾಡುವ ವಿಧಾನವೊಂದನ್ನು ವಿಜ್ಞಾನಿಗಳು ಹೇಳುತ್ತಿದ್ದಾರೆ. ವಿಚಾರ ತೀರ ಹೊಸದಲ್ಲ. ಊರಿನ ಕೊಳಚೆಗೆ ಪಾಚಿಯ ಕೊಳಗಳನ್ನು ಬಳಸುವ ಕ್ರಮವನ್ನು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಆಸ್ವಾಲ್ಡ್ ಎಂಬವರು 1950ರ ದಶಕದಲ್ಲಿಯೇ ಶಾಸ್ತ್ರೀಯವಾಗಿ ವಿವರಿಸಿದ್ದರು. ಪಾಚಿಯು ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತದೆ; ಅದನ್ನು ಪಡೆದು ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿನ್ನುತ್ತವೆ; ಅವು ಬಿಟ್ಟ ಇಂಗಾಲಾಮ್ಲ ಪಾಚಿಗೆ ಆಹಾರ. ಗಾಳಿಯೂದುವ ಯಂತ್ರದ ವಿದ್ಯುತ್ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ.

ಬಣ್ಣದ ನೀರಿನಲ್ಲಿ ಒಂದು ತೊಡಕುಂಟು. ಕಪ್ಪಿಟ್ಟ ನೀರಿನೊಳಕ್ಕೆ ಬಿಸಿಲು ಇಳಿಯದು, ಬಿಸಿಲಿಲ್ಲದೆ ಪಾಚಿ ಕೆಲಸಮಾಡದು. ಆದುದರಿಂದ ಮೊದಲು ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಬಣ್ಣವನ್ನು ಮುರಿಯಬೇಕು. ಆಗ ನೀರು ತಿಳಿಯಾಗಿ ಕಾಣುವುದು ನಿಜ. ಆದರೆ ಆಜೋ ಜಾತಿಯ ಬಣ್ಣಗಳು ಮುರಿದಾಗ ಹುಟ್ಟುವ ಅಮೈನುಗಳಲ್ಲಿ ಕೆಲವು ವಿಷವೇ ಸರಿ. ಅವನ್ನು ಕರಗಿಸಲು ಎರಡನೆಯ ಕೊಳ, ಪಾಚಿ, ಆಮ್ಲಜನಕ ಬೇಕು. ಬೆಳೆದ ಪಾಚಿಯನ್ನು ಆಗಾಗ ಎತ್ತಿ ತೆಗೆಯಲೂಬೇಕು. ಬಿಟ್ಟರೆ ಅಲ್ಲಿಯೇ ಕೊಳೆತು ನೀರನ್ನು ಮತ್ತೆ ಕೆಡಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಉಪ್ಪು ಹೋಗುವುದಿಲ್ಲ. ನಾವು ಒತ್ತಿ ಹೇಳಬೇಕಾದುದು ಇದನ್ನೇ. ಹತ್ತಿಯ ಬಟ್ಟೆಗೆ ಬಣ್ಣ ಹಿಡಿಯಲೆಂದು ಸಾಯದವರು ಹೇರಳವಾಗಿ ಉಪ್ಪನ್ನು ಸುರಿಯುತ್ತಾರೆ. ಪಾಚಿಯಾಗಲಿ ಬ್ಯಾಕ್ಟೀರಿಯಾವಾಗಲಿ ಅದನ್ನು ತಿಂದು ಮುಗಿಸುವಂತಿಲ್ಲ. ಹೊಳೆಗೆ ಬಿಡುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 2100 ಮಿಲಿಗ್ರಾಂ ಮೀರಬಾರದೆಂಬ ಮಿತಿಯುಂಟಷ್ಟೆ? ಆ ಮಿತಿಯ ನೀರನ್ನೇ ಎಕರೆಗೆ ಒಂದಂಗುಲ ಹಾಯಿಸಿದರೆ ಸುಮಾರು ಒಂದು ಲಕ್ಷ ಲೀಟರಾಯಿತು. ಹೊಲಕ್ಕೆ ಬಿದ್ದ ಲವಣ ಎರಡು ಕ್ವಿಂಟಾಲಿಗೂ ಮಿಗಿಲು. ಮಳೆ ಕಡಮೆಯಾದ ನಮ್ಮ ಸೀಮೆಯಲ್ಲಿ ಅದನ್ನು ತೊಳೆಯುವವರು ಯಾರು?

ಪಾಚಿಯ ಕೊಳಗಳನ್ನು ನಾವು ಬೇಡವೆನ್ನುವುದಿಲ್ಲ. ಬಣ್ಣವನ್ನೂ ಕೊಳೆಯನ್ನೂ ಕಡಮೆ ಖರ್ಚಿನಲ್ಲಿ ಕಳೆಯಬಲ್ಲ ಉಪಾಯವನ್ನು ಪ್ರಯೋಗಿಸಿ ನೋಡತಕ್ಕದ್ದೇ. ಆದರೆ ಉಪ್ಪನ್ನು ಬೇರ್ಪಡಿಸುವ ಜರಡಿ ಮತ್ತು ಬಾಷ್ಪೀಕರಣ ಯಂತ್ರಗಳಿಗೆ ಇದು ಬದಲಿಯೆಂದು ಯಾರಾದರೂ ಹೇಳಿದರೆ ನಂಬಬಾರದು. ತಿಳಿನೀರು ತೋರಿಸಿ ತೆಂಗಿಗೆ ಬಿಟ್ಟುಕೊಳ್ಳಿರೆಂದರೆ, ಸಹಿ ಹಾಕುವ ಮುನ್ನ ಒಂದು ಸೀಸೆ ನೀರನ್ನು ಮಣ್ಣು ಪರೀಕ್ಷೆಯ ಕೇಂದ್ರಕ್ಕೆ ಒಯ್ದು ಲವಣವೆಷ್ಟೆಂದು ಬರೆಸಿಕೊಳ್ಳಿರಿ. ಜೊತೆಗೆ ನಿಮ್ಮ ಬಾವಿಯ ನೀರನ್ನೂ ಒಂದು ಸೀಸೆ ಒಯ್ಯಿರಿ.