ಉಬ್ಬಸ ಇಳಿದ ಮೇಲೂ ಬೇಕಾಗುವ ಔಷಧ

ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇಂದು ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳ ಸಾಲಿಗೆ ನೆಬ್ಯುಲೈಜರ್ ಎಂಬ ಪುಟ್ಟ ಯಂತ್ರವೂ ಸೇರಿಕೊಂಡಿದೆ. ದ್ರವರೂಪದ ಔಷಧವನ್ನು ಗಾಳಿಯ ಒತ್ತಡದಿಂದ ನವುರಾದ ತುಂತುರಾಗಿ ಒಡೆದು, ಮಾಸ್ಕಿನ ಮೂಲಕ ಉಸಿರಿನೊಡನೆ ಎದೆಗಿಳಿಸುವುದು ಇದರ ಕೆಲಸ. ಇದನ್ನು ಹಬೆ ತೆಗೆದುಕೊಳ್ಳುವುದರ ಸುಧಾರಿತ ರೂಪವೆಂದು ತಿಳಿದವರು ಹಲವರಿದ್ದಾರೆ. ಆದರೆ ಅದರಿಂದ ಹೊರಡುವುದು ಬಿಸಿನೀರಿನ ಆವಿಯಲ್ಲ, ಔಷಧದ ತಣ್ಣನೆಯ ಮಂಜು. ಈ ತಪ್ಪು ತಿಳಿವಳಿಕೆ ಮೇಲ್ನೋಟಕ್ಕೆ ಕಾಣುವಷ್ಟು ನಿರುಪದ್ರವಿಯಲ್ಲ. ಮೂಗು ಕಟ್ಟಿದಾಗ ಹಬೆ ಹಿಡಿದು, ಬಿಟ್ಟೊಡನೆ ಮರೆಯುವ ಅಭ್ಯಾಸವೇ ಇಲ್ಲಿಯೂ ಮುಂದುವರಿದು, ದೀರ್ಘಕಾಲದ ಉಬ್ಬಸಕ್ಕೆ ನಿತ್ಯವೂ ಬೇಕಾದ ಔಷಧ ಅರ್ಧದಲ್ಲೇ ನಿಂತುಹೋಗುತ್ತದೆ. ಅದನ್ನು ನಿಲ್ಲಿಸಬಾರದೆಂಬುದೇ ಈ ಮನವಿ.

ಯಂತ್ರದ ಬಟ್ಟಲಿಗೆ ಸುರಿಯುವ ಪ್ಲಾಸ್ಟಿಕ್ ಟ್ಯೂಬುಗಳು ನೋಡಲು ಒಂದೇ ಬಗೆಯಾಗಿದ್ದರೂ ಅವುಗಳಲ್ಲಿರುವ ಔಷಧಗಳ ಕೆಲಸ ಬೇರೆಬೇರೆ. ಸಾಲ್ಬುಟಮಾಲ್ ಅಥವಾ ಲೆವೊಸಾಲ್ಬುಟಮಾಲ್, ಶ್ವಾಸನಾಳವನ್ನು ಹಿಂಡಿ ಹಿಡಿದ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ; ಅದರ ಉಪಕಾರ ಕಣ್ಣಿಗೆ ಕಾಣುತ್ತದೆ. ಕಾರ್ಟಿಕೋಸ್ಟೀರಾಯ್ಡ್ ಗುಂಪಿಗೆ ಸೇರಿದ ಬುಡೆಸೊನೈಡ್ ಹಾಗಲ್ಲ. ಅದು ನಾಳದ ಒಳಪದರದ ಉರಿಯೂತವನ್ನು, ಅಂದರೆ ಬಾವನ್ನೂ ಕೆರಳುವಿಕೆಯನ್ನೂ, ನಿಧಾನವಾಗಿ ತಗ್ಗಿಸುವ ಔಷಧವಾದ್ದರಿಂದ ಪರಿಣಾಮ ತೋರಲು ಕೆಲವು ದಿನಗಳೂ, ಪೂರ್ಣ ಫಲ ಕೊಡಲು ನಾಲ್ಕರಿಂದ ಆರು ವಾರಗಳೂ ಬೇಕಾಗುತ್ತವೆ. ಕಾಣುವಂತೆ ಉಪಕರಿಸುವ ಔಷಧವನ್ನು ಜನ ಮೆಚ್ಚಿ ಇಟ್ಟುಕೊಳ್ಳುತ್ತಾರೆ, ಕಾಣದಂತೆ ದುಡಿಯುವುದನ್ನು ಖರ್ಚೆಂದು ಬಿಡುತ್ತಾರೆ. ಉಬ್ಬಸದ ಚಿಕಿತ್ಸೆಗೆ ಮಾರ್ಗದರ್ಶನ ನೀಡುವ ಜಾಗತಿಕ ಸಂಸ್ಥೆಯಾದ ಜೀನಾ 2019ರಲ್ಲಿ, ಹದಿಹರೆಯದವರಿಗೂ ವಯಸ್ಕರಿಗೂ ಸ್ನಾಯು ಸಡಿಲಿಸುವ ಔಷಧವೊಂದನ್ನೇ ಕೊಡುವುದು ಸಲ್ಲದೆಂದು ಹೇಳಿದ್ದು ಇದೇ ಕಾರಣಕ್ಕೆ: ಉಸಿರು ಸರಾಗವಾದಂತೆ ತೋರಿದರೂ ಒಳಗಿನ ಉರಿಯೂತ ಹಾಗೆಯೇ ಉಳಿದಿರುತ್ತದೆ. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಮೀನಿನ ಬಾಯಲ್ಲಿಟ್ಟು ನುಂಗಿಸುವ ಮದ್ದಿಗಾಗಿ ಕರ್ನಾಟಕದಿಂದಲೂ ಹೋಗಿ ಸಾಲು ನಿಲ್ಲುವ ತಾಳ್ಮೆ ನಮ್ಮ ಜನರಲ್ಲಿದೆ. ದಿನಕ್ಕೆ ಹತ್ತು ನಿಮಿಷ ಮಾಸ್ಕ್ ಹಿಡಿದು ಕೂರುವ ತಾಳ್ಮೆ ಮಾತ್ರ ಬೇಗ ಸೋಲುತ್ತದೆ.

ಬಿಡುವುದಕ್ಕೆ ಇನ್ನೊಂದು ಕಾರಣ 'ಸ್ಟೀರಾಯ್ಡ್' ಎಂಬ ಪದದ ಭಯ. ಈ ಭಯ ಆಧಾರವಿಲ್ಲದ್ದಲ್ಲ. ಕಾರ್ಟಿಸೋನ್ ಸಂಶೋಧನೆಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಬಂದ ಮೇಲೆ ಮಾತ್ರೆಯಾಗಿ ಬಳಕೆಗೆ ಬಂದ ಸ್ಟೀರಾಯ್ಡುಗಳು ಜೀವ ಉಳಿಸಿದಂತೆಯೇ, ಬಹುಕಾಲ ನುಂಗಿದವರಲ್ಲಿ ಮುಖದ ಊತ, ಮೂಳೆ ಸವೆತ, ಸಕ್ಕರೆಯ ಏರಿಕೆಗಳನ್ನೂ ತಂದವು. ಉಸಿರಿನಲ್ಲಿ ಎಳೆದುಕೊಳ್ಳುವ ಸ್ಟೀರಾಯ್ಡ್ 1970ರ ದಶಕದಲ್ಲಿ ಬಂದದ್ದೇ ಈ ಕೇಡನ್ನು ತಪ್ಪಿಸಲು: ಔಷಧ ನೇರವಾಗಿ ಬೇಕಾದಲ್ಲಿಗೆ ಹೋಗುವುದರಿಂದ ಸಣ್ಣ ಪ್ರಮಾಣವೇ ಸಾಕಾಗುತ್ತದೆ, ರಕ್ತಕ್ಕೆ ಸೇರುವ ಪಾಲೂ ಕಡಿಮೆ. ಅಡ್ಡಪರಿಣಾಮ ಇಲ್ಲವೇ ಇಲ್ಲವೆನ್ನುವುದೂ ಪ್ರಾಮಾಣಿಕವಾಗದು. ಉಬ್ಬಸದ ಮಕ್ಕಳನ್ನು ವಯಸ್ಕರಾಗುವವರೆಗೆ ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಇನ್ಹೇಲರ್ ಮೂಲಕ ಬುಡೆಸೊನೈಡ್ ಪಡೆದವರ ಎತ್ತರ ಉಳಿದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿತ್ತು. ಹತೋಟಿಯಿಲ್ಲದ ಉಬ್ಬಸದಿಂದ ಮಗು ಮತ್ತೆಮತ್ತೆ ಆಸ್ಪತ್ರೆ ಸೇರಿ, ಪ್ರತಿಸಲವೂ ಸ್ಟೀರಾಯ್ಡ್ ಮಾತ್ರೆ ನುಂಗುವುದರ ಪಕ್ಕದಲ್ಲಿಟ್ಟು ಈ ಅಂಕಿಯನ್ನು ತೂಗಬೇಕು. ರೋಗ ಸುಮಾರು ಮೂರು ತಿಂಗಳು ಹತೋಟಿಯಲ್ಲಿದ್ದರೆ ವೈದ್ಯರೇ ಪ್ರಮಾಣ ತಗ್ಗಿಸುವ ಕ್ರಮವಿದೆ. ಮನೆಯವರೇ ನಿಲ್ಲಿಸುವುದಕ್ಕೂ ಅದಕ್ಕೂ ಬಹಳ ಅಂತರ.

ಔಷಧ ಸರಿಯಾಗಿದ್ದೂ ವಿಧಾನ ತಪ್ಪಿದರೆ ಅದು ಕೋಣೆಯ ಗಾಳಿಗೆ ಸೇರಿ ವ್ಯರ್ಥವಾಗುತ್ತದೆ. ಅಳುವ ಮಗುವಿನ ಮುಖದಿಂದ ನಾಲ್ಕು ಬೆರಳು ದೂರ ಮಾಸ್ಕ್ ಹಿಡಿದರೆ ಒಳಗೆ ಹೋಗುವ ಪಾಲು ಅತ್ಯಲ್ಪ. ಮಾಸ್ಕ್ ಮೂಗು ಬಾಯಿಗಳನ್ನು ಬಿಗಿಯಾಗಿ ಮುಚ್ಚಿರಬೇಕು. ಬುಡೆಸೊನೈಡ್ ನೀರಿನಲ್ಲಿ ಕರಗುವುದಿಲ್ಲ, ಅದರ ಕಣಗಳು ದ್ರವದಲ್ಲಿ ತೇಲುತ್ತಿರುತ್ತವೆ. ಆದ್ದರಿಂದ ಟ್ಯೂಬನ್ನು ಮೆಲ್ಲಗೆ ಅಲುಗಾಡಿಸಿ ಸುರಿಯಬೇಕು, ಗಾಳಿಯ ಒತ್ತಡದಿಂದ ನಡೆಯುವ ಜೆಟ್ ಯಂತ್ರವನ್ನೇ ಬಳಸಬೇಕು. ಶಬ್ದಾತೀತ ಕಂಪನದ ಅಲ್ಟ್ರಾಸಾನಿಕ್ ಯಂತ್ರ ಇದಕ್ಕೆ ಹೊಂದುವುದಿಲ್ಲ. ಮುಗಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳದಿದ್ದರೆ ನಾಲಿಗೆಯ ಮೇಲೆ ಬಿಳಿ ಬೂಷ್ಟಿನಂಥ ಸೋಂಕು ಕಾಣಿಸಿಕೊಳ್ಳಬಹುದು, ಧ್ವನಿ ಒಡೆಯಬಹುದು. ಮಾಸ್ಕ್ ತಾಗಿದ ಮುಖವನ್ನೂ ತೊಳೆಯಬೇಕು. ಬಟ್ಟಲು, ಮಾಸ್ಕುಗಳನ್ನು ಪ್ರತಿ ಬಳಕೆಯ ನಂತರ ತೊಳೆದು ಒಣಗಿಸದೆ ಡಬ್ಬಿಯಲ್ಲಿ ಮುಚ್ಚಿಟ್ಟರೆ, ಬ್ಯಾಕ್ಟೀರಿಯಾ ಬೆಳೆದು ಮಾರನೆಯ ದಿನ ಔಷಧದೊಂದಿಗೇ ಶ್ವಾಸಕೋಶ ಸೇರುತ್ತವೆ.

ಬೇಕಾದವರು ಬಿಡುವಂತೆಯೇ ಬೇಡದವರು ಹಿಡಿಯುವುದೂ ಉಂಟು. ನೆಗಡಿ ಕೆಮ್ಮಿಗೆಲ್ಲ ಪಕ್ಕದ ಮನೆಯ ಚೀಟಿ ತೋರಿಸಿ ಬುಡೆಸೊನೈಡ್ ಕೊಳ್ಳುವುದನ್ನು ಓದುಗರು ನಿಲ್ಲಿಸಬೇಕು, ಔಷಧದಂಗಡಿಯವರೂ ಹಾಗೆ ಕೊಡಬಾರದು. ಹೊಗೆಯಿಂದ ನಾಳಗಳು ಕಿರಿದಾಗುವ ಸಿಒಪಿಡಿ ಎಂಬ ರೋಗದಲ್ಲಿ ಸ್ಟೀರಾಯ್ಡ್ ಕೆಲವರಿಗಷ್ಟೇ ಉಪಯುಕ್ತ, ನ್ಯುಮೋನಿಯಾದ ಅಪಾಯವನ್ನೂ ಅದು ಹೆಚ್ಚಿಸುತ್ತದೆ. 2016ರ ಅಂದಾಜಿನಂತೆ ಭಾರತದಲ್ಲಿ ಉಬ್ಬಸದ ರೋಗಿಗಳು 3.79 ಕೋಟಿಯಾದರೆ ಸಿಒಪಿಡಿ ರೋಗಿಗಳು 5.53 ಕೋಟಿ, ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ಹೆಂಗಸರೂ ಇವರಲ್ಲಿದ್ದಾರೆ. ಒಲೆಯ ಹೊಗೆ ತಪ್ಪಿಸದೆ ಔಷಧವನ್ನಷ್ಟೇ ಸುರಿದರೆ ಪ್ರಯೋಜನ ಅಷ್ಟಕ್ಕಷ್ಟೇ.

ನೆಬ್ಯುಲೈಜರ್ ಇನ್ಹೇಲರಿಗಿಂತ 'ಪವರ್‌ಫುಲ್' ಎಂಬ ನಂಬಿಕೆಗೂ ಆಧಾರವಿಲ್ಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿದ ಇನ್ಹೇಲರ್ ಬಹುಪಾಲು ರೋಗಿಗಳಿಗೆ ಅಷ್ಟೇ ಫಲ ಕೊಡುತ್ತದೆ. ಇನ್ಹೇಲರ್ ಬಳಸಲಾಗದ ಎಳೆಯರಿಗೆ, ತೀರಾ ನಿಶ್ಶಕ್ತರಿಗೆ ಯಂತ್ರ ಹೆಚ್ಚು ಅನುಕೂಲ. ಯಂತ್ರಕ್ಕೆ ಕರೆಂಟ್ ಬೇಕೆಂಬುದನ್ನೂ ಮರೆಯುವಂತಿಲ್ಲ. ಮಲೆನಾಡಿನ ಮಳೆಗಾಲದ ರಾತ್ರಿ ದೀಪ ಹೋದಾಗ ಉಬ್ಬಸ ಎದ್ದರೆ ಮನೆಯಲ್ಲಿ ಸಾಲ್ಬುಟಮಾಲ್ ಇನ್ಹೇಲರ್ ಮತ್ತು ಸ್ಪೇಸರ್ ಕೈಗೆ ಸಿಗುವಂತಿರಬೇಕು, ಅದನ್ನು ಬಳಸುವ ಬಗೆ ಮನೆಯ ಕನಿಷ್ಠ ಇಬ್ಬರಿಗಾದರೂ ತಿಳಿದಿರಬೇಕು. ಮಾತು ಪೂರ್ತಿಯಾಡಲಾಗದಷ್ಟು ಏದುಸಿರು, ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆಯುವುದು, ತುಟಿ ನೀಲಿಗಟ್ಟುವುದು ಕಂಡರೆ ಬುಡೆಸೊನೈಡ್ ಹಾಕಿ ಕಾಯುತ್ತ ಕೂರದೆ, ಇನ್ಹೇಲರ್ ಕೊಡುತ್ತಲೇ 108ಕ್ಕೆ ಕರೆ ಮಾಡಬೇಕು.